ಲಿನಕ್ಸ್ ಪುಕ್ಕಟೆ, ತಾರೀಖು ಪುಕ್ಕಟೆ ಅಲ್ಲ

"ಲಿನಕ್ಸ್ ಪುಕ್ಕಟೆ ತಾನೇ? ಮತ್ತೆ ಅದಕ್ಕೆ ವರ್ಷಾ ವರ್ಷಾ ದುಡ್ಡು ಯಾಕ್ರೀ ಕಟ್ಟೋದು?"

ಸರ್ವರುಗಳ ಸಹವಾಸ ಇರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಸಿಕೊಂಡೇ ಇರ್ತೀರಿ. ಕೇಳೋವ್ರು ಮ್ಯಾನೇಜರ್ ಇರಬಹುದು, ಅಕೌಂಟ್ಸ್ ನೋಡೋವ್ರು ಇರಬಹುದು. ನಾವು "ಸಪೋರ್ಟ್ ಸಿಗುತ್ತೆ ಸಾರ್" ಅಂತ ಹೇಳಿ ಜಾರಿಕೊಳ್ತೀವಿ. ಆದ್ರೆ ಆ ಸಪೋರ್ಟ್ ಅಂದ್ರೆ ಏನು, ಅದಕ್ಕೆ ಬೆಲೆ ಕಟ್ಟಿದ್ದು ಯಾರು, ಆ ಬೆಲೆ ಕೊಡಲಾಗದವರು ಏನು ಮಾಡಿದರು? ಇದು ಇಪ್ಪತ್ತು ವರ್ಷಕ್ಕೂ ಮೀರಿದ ಕತೆ. ಈ ಕತೆ ಗೊತ್ತಿಲ್ಲದೆ ಆಫೀಸಿಗೆ ಲಿನಕ್ಸ್ ಆರಿಸೋಕೆ ಕೂತರೆ ನಾವು ನೋಡೋದು ಫೀಚರ್ ಪಟ್ಟಿಯನ್ನ ಮಾತ್ರ. ನೋಡಬೇಕಾದ್ದು ಬೇರೆ ಇದೆ ಅನ್ನೋದು ನನ್ನ ವಾದ. ಸ್ವಲ್ಪ ಉದ್ದ ಆಗುತ್ತೆ, ಒಂದು ಕಾಫಿ ಹಿಡ್ಕೊಂಡು ಓದಿ :-)

ಪೊಟ್ಟಣದ ಸಾಂಬಾರ್ ಪುಡಿ

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಬರೆದು ಹಂಚಿದ್ದು ಕರ್ನೆಲ್ ಮಾತ್ರ. ಅದರ ಸುತ್ತ ಕಂಪೈಲರ್, ಶೆಲ್, ಲೈಬ್ರರಿ, ಇನ್‌ಸ್ಟಾಲರ್ ಎಲ್ಲ ಸೇರಿಸಿ ಒಂದು ಗಂಟು ಕಟ್ಟಿದರೆ ಅದು ಡಿಸ್ಟ್ರೋ. 1992ರಲ್ಲಿ ಜರ್ಮನಿಯಲ್ಲಿ ಸುಸೆ ಕಂಪನಿ ಶುರುವಾಯಿತು. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಬಂದವು. ಅಮೆರಿಕದಲ್ಲಿ ಮಾರ್ಕ್ ಯೂಯಿಂಗ್ ಕಟ್ಟಿದ ಗಂಟಿಗೆ ಅವರು ಹಾಕಿಕೊಳ್ಳುತ್ತಿದ್ದ ಕೆಂಪು ಟೋಪಿಯಿಂದ ರೆಡ್ ಹ್ಯಾಟ್ ಅಂತ ಹೆಸರು ಬಂತು. ಅದನ್ನ ಮಾರೋಕೆ ಜೊತೆಯಾದವರು ಬಾಬ್ ಯಂಗ್.

ಬಾಬ್ ಯಂಗ್ ಲಿನಕ್ಸ್ ವ್ಯಾಪಾರವನ್ನ ಟೊಮೇಟೊ ಕೆಚಪ್ಪಿಗೆ ಹೋಲಿಸುತ್ತಿದ್ದರು. ಕೆಚಪ್ ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು, ಗುಟ್ಟೇನಿಲ್ಲ, ಆದರೂ ಜನ ಗೊತ್ತಿರೋ ಹೆಸರಿನ ಬಾಟಲಿ ಕೊಳ್ಳುತ್ತಾರೆ ಅನ್ನೋದು ಅವರ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸಾಂಬಾರ್ ಪುಡಿ. ಮನೆಯಲ್ಲಿ ಹುರಿದು ಕುಟ್ಟೋಕೆ ಯಾರ ಅಪ್ಪಣೆಯೂ ಬೇಡ. ಆದ್ರೂ ಎಂಟಿಆರ್ ಪೊಟ್ಟಣ ತರ್ತೀವಿ, ಯಾಕಂದ್ರೆ ಪ್ರತಿ ಸಲ ಅದೇ ರುಚಿ ಇರುತ್ತೆ ಅನ್ನೋ ನಂಬಿಕೆ.

ತೊಂಬತ್ತರ ದಶಕದ ಕೊನೆಯಲ್ಲಿ ಈ ಪೊಟ್ಟಣ ಅಂಗಡಿಗಳಲ್ಲಿ ಡಬ್ಬಿಯಾಗಿ ಮಾರಾಟವಾಗುತ್ತಿತ್ತು. ನಮ್ಮಲ್ಲಿ ಡಬ್ಬಿ ಕೊಂಡವರು ಕಡಿಮೆ. ಡಯಲಪ್ ಕಾಲದಲ್ಲಿ ಮೂರು ಸಿಡಿ ಡೌನ್‌ಲೋಡ್ ಮಾಡೋದು ಆಗದ ಮಾತು, ಹಾಗಾಗಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಗಾಗಿ ಜನ ಕಾಯುತ್ತಿದ್ದರಂತೆ. ನಾನಾಗ ಸ್ಲೇಟು ಹಿಡಿದಿದ್ದವನು, ಇದೆಲ್ಲ ಸೀನಿಯರ್‌ಗಳ ಬಾಯಲ್ಲಿ ಕೇಳಿದ್ದು. 1999ರ ಆಗಸ್ಟ್ 11ರಂದು ರೆಡ್ ಹ್ಯಾಟ್ ಷೇರು ಮಾರುಕಟ್ಟೆಗೆ ಬಂತು. 14 ಡಾಲರಿಗೆ ಕೊಟ್ಟ ಷೇರು ಮೊದಲ ದಿನವೇ 52 ಡಾಲರ್ ದಾಟಿ ನಿಂತಿತು.

ಷೇರು ಏರಿದರೂ ಡಬ್ಬಿ ಮಾರಿ ಕಂಪನಿ ನಡೆಸೋದು ಕಷ್ಟ ಇತ್ತು. ಒಂದು ಡಬ್ಬಿ ಕೊಂಡು ನೂರು ಮಷೀನಿಗೆ ಹಾಕಿದರೂ ಯಾರೂ ಕೇಳುವ ಹಾಗಿಲ್ಲ, ಲೈಸೆನ್ಸೇ ಹಾಗೆ. ಇನ್ನೊಂದು ಸಮಸ್ಯೆ ವೇಗದ್ದು. 2000ದ ಸೆಪ್ಟೆಂಬರ್‌ನಲ್ಲಿ 7.0, 2001ರ ಏಪ್ರಿಲ್‌ನಲ್ಲಿ 7.1, ಅಕ್ಟೋಬರ್‌ನಲ್ಲಿ 7.2, 2002ರ ಮೇ ತಿಂಗಳಲ್ಲಿ 7.3, ಶರತ್ಕಾಲದಲ್ಲಿ 8.0, 2003ರ ಮಾರ್ಚ್ ಕೊನೆಗೆ 9. ಆರಾರು ತಿಂಗಳಿಗೊಂದು ಹೆರಿಗೆ! ಮನೆಯಲ್ಲಿ ಆಟ ಆಡೋವ್ರಿಗೆ ಇದು ಹಬ್ಬ. ಆದ್ರೆ ಬ್ಯಾಂಕಿನವರ ಸ್ಥಿತಿ ಯೋಚಿಸಿ. ಡೇಟಾಬೇಸ್ ಮಾರುವ ಕಂಪನಿ ಒಂದು ಆವೃತ್ತಿಯ ಮೇಲೆ ಪರೀಕ್ಷೆ ಮುಗಿಸಿ "ಇದರ ಮೇಲೆ ನಮ್ಮದು ಓಡುತ್ತೆ" ಅಂತ ಮುದ್ರೆ ಒತ್ತೋ ಹೊತ್ತಿಗೆ ಮುಂದಿನ ಆವೃತ್ತಿ ಬಂದಿರುತ್ತಿತ್ತು.

ಅದಕ್ಕೆ ರೆಡ್ ಹ್ಯಾಟ್ 2002ರಲ್ಲಿ ಅಡ್ವಾನ್ಸ್ಡ್ ಸರ್ವರ್ 2.1 ಅಂತ ಒಂದು ನಿಧಾನದ ಲಿನಕ್ಸ್ ತಂದಿತು. ಒಳಗಿನ ಸರಕು 7.2ರದ್ದೇ. ಹೊಸದೇನಂದ್ರೆ ಇದನ್ನ ವರ್ಷಗಟ್ಟಲೆ ಕದಲಿಸೋದಿಲ್ಲ ಅನ್ನೋ ಮಾತು. ಮುಂದೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಅಂತ ಹೆಸರಾದದ್ದು ಇದೇ. ಬಾಯಲ್ಲಿ ನಾವೆಲ್ಲ 'ರೆಲ್' ಅಂತೀವಿ, ಇಲ್ಲೂ ಹಾಗೇ ಬರೀತೀನಿ.

ಕದಲಿಸದೆ ಇರೋದಕ್ಕೆ ಪಡುವ ಪಾಡು

'ಏನೂ ಬದಲಾಯಿಸಲ್ಲ' ಅಂತ ಹೇಳೋಕೆ ದುಡ್ಡು ಯಾಕೆ ಅಂತ ನಿಮಗನ್ನಿಸಬಹುದು. ಅಲ್ಲೇ ಇರೋದು ಕೆಲಸ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ತೂತು ಬಯಲಾಯಿತು. ಓಪನ್‌ಎಸ್‌ಎಸ್‌ಎಲ್ ತಂಡದವರು 1.0.1ಜಿ ಅನ್ನೋ ಹೊಸ ಆವೃತ್ತಿಯಲ್ಲಿ ಅದನ್ನ ಮುಚ್ಚಿದರು. ಆದ್ರೆ ರೆಲ್ 6.5ರಲ್ಲಿ ಇದ್ದದ್ದು 1.0.1ಇ. ರೆಡ್ ಹ್ಯಾಟ್‌ನವರು ಆವೃತ್ತಿ ಏರಿಸಲಿಲ್ಲ. ತೂತು ಮುಚ್ಚುವ ತೇಪೆಯನ್ನ ಮಾತ್ರ ಎತ್ತಿಕೊಂಡು ಹಳೆಯ 1.0.1ಇಗೇ ಹೊಲಿದರು. ಇದಕ್ಕೆ ಬ್ಯಾಕ್‌ಪೋರ್ಟ್ ಅಂತ ಹೆಸರು. ಹೊರಗಿನ ಗುಣ ಒಂದೂ ಬದಲಾಗದೆ ಒಳಗಿನ ರೋಗ ಮಾತ್ರ ವಾಸಿಯಾಗಬೇಕು. ಆವೃತ್ತಿ ಸಂಖ್ಯೆಯನ್ನಷ್ಟೇ ನೋಡುವ ಸೆಕ್ಯೂರಿಟಿ ಸ್ಕ್ಯಾನರುಗಳು ಇವತ್ತಿಗೂ ಇಂಥ ಪ್ಯಾಕೇಜುಗಳನ್ನ ಕಂಡು "ಹಳೆಯದು, ಅಪಾಯ" ಅಂತ ಕೂಗ್ತವೆ, ನಾವು ಆಡಿಟರ್‌ಗಳ ಮುಂದೆ ಕೂತು ಬಿಡಿಸಿ ಹೇಳ್ತಾ ಇರ್ತೀವಿ.

ಇಂಥದ್ದನ್ನ ಒಂದಲ್ಲ, ಸಾವಿರಾರು ಪ್ಯಾಕೇಜುಗಳಿಗೆ ಮಾಡಬೇಕು. ಒಂದು ವರ್ಷವಲ್ಲ, ಹತ್ತು ವರ್ಷ. ರೆಲ್ 7 ಬಂದದ್ದು 2014ರ ಜೂನ್‌ನಲ್ಲಿ, 3.10 ಕರ್ನೆಲ್ ಜೊತೆ. 2024ರ ಜೂನ್ ಕೊನೆಯಲ್ಲಿ ಅದರ ಆಯಸ್ಸು ಮುಗಿದಾಗಲೂ ಅದು 3.10ನೇ. ಜಗತ್ತಿನ ಕರ್ನೆಲ್ ಅಷ್ಟರಲ್ಲಿ 6ರ ಸಾಲಿಗೆ ಹೋಗಿತ್ತು. ಈ ಬೇಸರದ ಕೆಲಸವನ್ನ ಹವ್ಯಾಸಕ್ಕಾಗಿ ಮಾಡುವವರು ತೀರಾ ಕಡಿಮೆ. ಸಂಬಳ ಕೊಟ್ಟು ಮಾಡಿಸಬೇಕು. ವ್ಯಾಪಾರಕ್ಕೆ ಲಿನಕ್ಸ್ ಕೊಳ್ಳುವವರು ಕೊಳ್ಳುತ್ತಿರುವುದು ಕೋಡನ್ನಲ್ಲ, ಒಂದು ತಾರೀಖನ್ನ. 'ಇಂಥ ದಿನದವರೆಗೆ ಇದನ್ನ ಕಾಯ್ತೀವಿ' ಅನ್ನೋ ಮಾತನ್ನ.

2003: ಮೊದಲ ಪೆಟ್ಟು

ನಿಧಾನದ ಲಿನಕ್ಸಿಗೆ ಗಿರಾಕಿ ಸಿಕ್ಕ ಮೇಲೆ ರೆಡ್ ಹ್ಯಾಟ್ ಹಳೆಯ ಡಬ್ಬಿಯನ್ನ ಕೈಬಿಟ್ಟಿತು. 2003ರ ಅಕ್ಟೋಬರ್‌ನಲ್ಲಿ ರೆಲ್ 3 ಬಂತು. ನವೆಂಬರ್‌ನಲ್ಲಿ ಗಿರಾಕಿಗಳಿಗೆ ಸುದ್ದಿ ಹೋಯಿತು: ರೆಡ್ ಹ್ಯಾಟ್ ಲಿನಕ್ಸ್ ಅನ್ನೋ ಸಾಲು ಇನ್ನು ಮುಂದುವರೆಯುವುದಿಲ್ಲ, 9ನೇ ಆವೃತ್ತಿಗೆ 2004ರ ಏಪ್ರಿಲ್ 30ರ ನಂತರ ತೇಪೆ ಸಿಗುವುದಿಲ್ಲ. ಪುಕ್ಕಟೆ ಬೇಕಾದವರಿಗೆ ಫೆಡೋರಾ ಇದೆ, ಅದು ವೇಗವಾಗಿ ಓಡುವ ಕುದುರೆ. ನಿಂತ ನೀರು ಬೇಕಾದವರು ಚಂದಾ ಕಟ್ಟಿ ರೆಲ್ ತಗೊಳ್ಳಿ.

ಚಂದಾ ಎಷ್ಟು? ಚಿಕ್ಕ ಸರ್ವರಿನ ಮೂಲ ದರ ವರ್ಷಕ್ಕೆ 349 ಡಾಲರ್. ದೊಡ್ಡ ಸರ್ವರಿಗೆ ಹಗಲು ರಾತ್ರಿ ಸಪೋರ್ಟ್ ಸೇರಿ 2,499 ಡಾಲರ್. ಆಗಿನ ಲೆಕ್ಕದಲ್ಲಿ ಮೊದಲನೆಯದು ಹದಿನೈದು ಸಾವಿರ ರೂಪಾಯಿ ಮೇಲೆ, ಎರಡನೆಯದು ಲಕ್ಷದ ಮೇಲೆ. ಒಂದೊಂದು ಮಷೀನಿಗೆ, ವರ್ಷವರ್ಷಕ್ಕೆ. ಸೋಲಾರಿಸ್‌ಗೆ ದುಡ್ಡು ಸುರಿದು ಅಭ್ಯಾಸವಿದ್ದ ಬ್ಯಾಂಕುಗಳಿಗೆ ಇದು ಅಗ್ಗವೇ. ಡಬ್ಬಿಯೊಂದಕ್ಕೆ 40 ಡಾಲರ್ ಕೊಟ್ಟು ಹತ್ತಾರು ಮಷೀನಿಗೆ ಹಾಕಿಕೊಂಡಿದ್ದ ಶಾಲೆ, ಕಾಲೇಜು, ಸಣ್ಣ ಕಂಪನಿಗಳಿಗೆ? ಅವರಿಗೆ ಯಾರೂ ಏನನ್ನೂ ಬರೆದು ಕೊಟ್ಟಿರಲಿಲ್ಲ. 'ಇಲ್ಲಿವರೆಗೂ ಸಿಗ್ತಿತ್ತಲ್ಲ, ಮುಂದೂ ಸಿಗುತ್ತೆ' ಅನ್ನೋದಷ್ಟೇ ಅವರ ಆಧಾರ.

ಈ ಬದಲಾವಣೆಯ ಹಿಂದೆ ನಿಂತಿದ್ದವರಲ್ಲಿ ಪಾಲ್ ಕಾರ್ಮಿಯರ್ ಮುಖ್ಯರು, ಆಗ ಎಂಜಿನಿಯರಿಂಗ್ ಮುಖ್ಯಸ್ಥರು. ವ್ಯಾಪಾರದ ದೃಷ್ಟಿಯಿಂದ ಅವರ ಲೆಕ್ಕ ತಪ್ಪಲಿಲ್ಲ. 2012ರ ಫೆಬ್ರವರಿಗೆ ಮುಗಿದ ವರ್ಷದಲ್ಲಿ ರೆಡ್ ಹ್ಯಾಟ್ ನೂರು ಕೋಟಿ ಡಾಲರ್ ಆದಾಯ ದಾಟಿದ ಮೊದಲ ಓಪನ್ ಸೋರ್ಸ್ ಕಂಪನಿಯಾಯಿತು.

ಒಂದು ಲೈಬ್ರರಿಯ ಸಾಹಸ

ಈಗ ನನಗೆ ಬಹಳ ಇಷ್ಟವಾದ ಭಾಗ. ಅಮೆರಿಕದ ಲೂಯಿಸಿಯಾನ ರಾಜ್ಯದ ಡಿರಿಡರ್ ಅನ್ನೋ ಸಣ್ಣ ಊರು. ಅಲ್ಲಿನ ಬೋರಿಗಾರ್ಡ್ ಪ್ಯಾರಿಷ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲವು ಸರ್ವರುಗಳೂ ಐವತ್ತಕ್ಕೂ ಹೆಚ್ಚು ಕಂಪ್ಯೂಟರುಗಳೂ ರೆಡ್ ಹ್ಯಾಟ್ ಲಿನಕ್ಸ್ ಮೇಲೆ ಓಡುತ್ತಿದ್ದವು. ಚಂದಾ ಕಟ್ಟಲು ಹೊರಟರೆ ಅದು ಮಷೀನುಗಳ ಬೆಲೆಯನ್ನೇ ಮೀರುತ್ತಿತ್ತು. ಬೇರೆ ಡಿಸ್ಟ್ರೋಗೆ ಹೋಗೋದೂ ಸಣ್ಣ ತಲೆನೋವಲ್ಲ.

ಅವರು ಮೂರನೇ ದಾರಿ ಹಿಡಿದರು. ಜಿಪಿಎಲ್ ಲೈಸೆನ್ಸಿನ ಪ್ರಕಾರ ಬೈನರಿ ಯಾರಿಗೆ ಕೊಡ್ತೀರೋ ಅವರಿಗೆ ಸೋರ್ಸ್ ಕೊಟ್ಟರೆ ಸಾಕು. ರೆಡ್ ಹ್ಯಾಟ್ ಒಂದು ಹೆಜ್ಜೆ ಮುಂದೆ ಹೋಗಿ ರೆಲ್‌ನ ಸೋರ್ಸ್ ಪ್ಯಾಕೇಜುಗಳನ್ನ ಎಲ್ಲರಿಗೂ ಕಾಣುವಂತೆ ತನ್ನ ಎಫ್‌ಟಿಪಿ ತಾಣದಲ್ಲಿ ಇಡುತ್ತಿತ್ತು. ಲೈಬ್ರರಿಯ ಸಿಸ್ಟಂ ನೋಡಿಕೊಳ್ಳುತ್ತಿದ್ದವರು ಅವನ್ನೆಲ್ಲ ಇಳಿಸಿಕೊಂಡು, ರೆಡ್ ಹ್ಯಾಟ್ ಹೆಸರು ಮತ್ತು ಟೋಪಿ ಚಿತ್ರ ಇರುವ ಕಡೆಯೆಲ್ಲ ಅಳಿಸಿ (ಕೋಡು ಮುಕ್ತ, ಟ್ರೇಡ್‌ಮಾರ್ಕ್ ಮುಕ್ತವಲ್ಲ!), ಮತ್ತೆ ಕಂಪೈಲ್ ಮಾಡಿ, ವೈಟ್ ಬಾಕ್ಸ್ ಎಂಟರ್‌ಪ್ರೈಸ್ ಲಿನಕ್ಸ್ ಅಂತ ಹೆಸರಿಟ್ಟು ಎಲ್ಲರಿಗೂ ಹಂಚಿದರು. ಪುಸ್ತಕ ಎರವಲು ಕೊಡುವ ಜಾಗ ಆಪರೇಟಿಂಗ್ ಸಿಸ್ಟಂ ಎರವಲು ಕೊಟ್ಟ ಹಾಗೆ. ಇದರಲ್ಲಿ ಕಳ್ಳತನ ಏನೂ ಇಲ್ಲ, ಲೈಸೆನ್ಸ್ ಕೊಟ್ಟ ಹಕ್ಕನ್ನ ಅವರು ಚಲಾಯಿಸಿದರು ಅಷ್ಟೇ.

ಇದೇ ಯೋಚನೆ ಇನ್ನೂ ಹಲವರಿಗೆ ಹೊಳೆದಿತ್ತು. ಫರ್ಮಿಲ್ಯಾಬ್ ಮತ್ತು ಸರ್ನ್‌ನ ಭೌತವಿಜ್ಞಾನಿಗಳು 2004ರಲ್ಲಿ ಸೈಂಟಿಫಿಕ್ ಲಿನಕ್ಸ್ ಕಟ್ಟಿಕೊಂಡರು. ಗ್ರೆಗೊರಿ ಕರ್ಟ್ಜರ್ ಶುರುಮಾಡಿದ್ದ ಕೇಯಾಸ್ ಅನ್ನೋ ಯೋಜನೆಯ ಕವಲಾಗಿ 2004ರ ಮಾರ್ಚ್‌ನಲ್ಲಿ ಇನ್ನೊಂದು ಬಂತು, ಅದೇ ಸೆಂಟ್‌ಓಎಸ್.

ಹೆಸರು ಹೇಳಲಾಗದ ಅಪ್ಪ

ಸೆಂಟ್‌ಓಎಸ್ ಒಂದು ಅನ್ನಛತ್ರದಂತೆ ಬೆಳೆಯಿತು. ವೆಬ್ ಹೋಸ್ಟಿಂಗ್ ಕಂಪನಿಗಳು, ವಿಶ್ವವಿದ್ಯಾಲಯಗಳು, ಸ್ಟಾರ್ಟಪ್‌ಗಳು ಎಲ್ಲ ಆ ಪಂಕ್ತಿಯಲ್ಲಿ ಕೂತವು. ರೆಲ್‌ಗೆ ಅಂತ ಪರೀಕ್ಷಿಸಿದ ತಂತ್ರಾಂಶ ಇದರ ಮೇಲೂ ಹಾಗೇ ಓಡುತ್ತಿತ್ತು. ರೆಲ್‌ನ ತಾರೀಖೇ ಇದರ ತಾರೀಖು. 2012ರ ಜನವರಿಯಲ್ಲಿ ರೆಡ್ ಹ್ಯಾಟ್ ರೆಲ್ 5 ಮತ್ತು 6ರ ಆಯಸ್ಸನ್ನ ಏಳರಿಂದ ಹತ್ತು ವರ್ಷಕ್ಕೆ ಏರಿಸಿದಾಗ ಸೆಂಟ್‌ಓಎಸ್‌ನವರಿಗೂ ಅದು ಸಿಕ್ಕಿತು.

ಒಂದು ತಮಾಷೆ. 2005ರಲ್ಲಿ ರೆಡ್ ಹ್ಯಾಟ್ ಪರ ವಕೀಲರು ಟ್ರೇಡ್‌ಮಾರ್ಕ್ ಬಗ್ಗೆ ಪತ್ರ ಬರೆದ ಮೇಲೆ ಸೆಂಟ್‌ಓಎಸ್ ತಾಣದಲ್ಲಿ ರೆಡ್ ಹ್ಯಾಟ್ ಅನ್ನೋ ಹೆಸರೇ ಮಾಯವಾಯಿತು. ಅದರ ಬದಲು 'ಉತ್ತರ ಅಮೆರಿಕದ ಒಂದು ಪ್ರಮುಖ ಎಂಟರ್‌ಪ್ರೈಸ್ ಲಿನಕ್ಸ್ ಕಂಪನಿ' ಅಂತ ಬರೆಯತೊಡಗಿದರು. ಹಳೆಯ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಹೇಳದೆ 'ನಮ್ಮನೆಯವರು' ಅಂತಿದ್ದರಲ್ಲ, ಹಾಗೆ :-)

ಇನ್ನೊಂದು 2006ರದ್ದು. ಒಕ್ಲಹೋಮದ ಟಟಲ್ ಅನ್ನೋ ಪುಟ್ಟ ಪಟ್ಟಣದ ವೆಬ್‌ಸೈಟ್ ಒಂದು ದಿನ ಬರಲಿಲ್ಲ. ಹೋಸ್ಟಿಂಗ್‌ನವರ ಸರ್ವರಿನಲ್ಲಿ ಏನೋ ಎಡವಟ್ಟಾಗಿ ಅಪಾಚೆಯ ಮಾಮೂಲಿ ಪರೀಕ್ಷಾ ಪುಟ ಕಾಣಿಸುತ್ತಿತ್ತು, ಅದರಲ್ಲಿ ಸೆಂಟ್‌ಓಎಸ್ ಅಂತ ಇತ್ತು. ಊರಿನ ಸಿಟಿ ಮ್ಯಾನೇಜರ್ ಇವರೇ ನಮ್ಮ ಸೈಟ್ ಹ್ಯಾಕ್ ಮಾಡಿದ್ದಾರೆ ಅಂದುಕೊಂಡು ಸೆಂಟ್‌ಓಎಸ್‌ನವರಿಗೆ ಎಫ್‌ಬಿಐ ಕರೆಸ್ತೀನಿ ಅಂತ ಬೆದರಿಸಿ ಪತ್ರ ಬರೆದರು. ಸೆಂಟ್‌ಓಎಸ್‌ನ ಸ್ವಯಂಸೇವಕರೊಬ್ಬರು ತಾಳ್ಮೆಯಿಂದ ಉತ್ತರಿಸುತ್ತಾ ಹೋಗಿ, ಆ ಊರಿನ ಹೋಸ್ಟಿಂಗ್ ಕಂಪನಿ ಯಾವುದು ಅಂತ ತಾವೇ ಹುಡುಕಿಕೊಟ್ಟು ಸಮಸ್ಯೆ ಬಿಡಿಸಿದರು. ನಕ್ಕು ಬಿಡಬಹುದು, ಆದ್ರೆ ಇದರಲ್ಲಿ ಒಂದು ಸತ್ಯ ಇದೆ. ತಾವು ಯಾರ ಹೆಗಲ ಮೇಲೆ ಕೂತಿದ್ದೇವೆ ಅನ್ನೋದು ಕೂತವರಿಗೇ ಗೊತ್ತಿರಲಿಲ್ಲ.

ಆ ಹೆಗಲು ಎಷ್ಟು ಸಣ್ಣದು ಅಂತ 2009ರಲ್ಲಿ ಗೊತ್ತಾಯಿತು. ಜುಲೈ ಕೊನೆಯಲ್ಲಿ ಸೆಂಟ್‌ಓಎಸ್ ಅಭಿವೃದ್ಧಿಗಾರರು ತಮ್ಮ ಸ್ಥಾಪಕರಲ್ಲೊಬ್ಬರಿಗೆ ಬಹಿರಂಗ ಪತ್ರ ಬರೆದರು. ಡೊಮೈನ್ ಅವರ ಕೈಯಲ್ಲಿ, ದೇಣಿಗೆಯ ಖಾತೆ ಅವರ ಕೈಯಲ್ಲಿ, ಅವರೇ ಸಿಗ್ತಿಲ್ಲ! ಕೆಲವೇ ದಿನದಲ್ಲಿ ಸರಿಹೋಯಿತು. ಆದ್ರೆ ಲಕ್ಷಗಟ್ಟಲೆ ಸರ್ವರುಗಳ ಭವಿಷ್ಯ ಬೆರಳೆಣಿಕೆಯ ಜನರ ಕೈಯಲ್ಲಿದೆ ಅಂತ ಎಲ್ಲರಿಗೂ ಕಂಡಿತು. 2010ರ ನವೆಂಬರ್‌ನಲ್ಲಿ ರೆಲ್ 6 ಬಂದರೆ ಸೆಂಟ್‌ಓಎಸ್ 6 ಬಂದದ್ದು 2011ರ ಜುಲೈನಲ್ಲಿ, ಎಂಟು ತಿಂಗಳು ತಡವಾಗಿ.

ಈ ನಡುವೆ ಇನ್ನೊಬ್ಬರು ಪಂಕ್ತಿಗೆ ಬಂದಿದ್ದರು, ಅವರು ಬಡವರೇನಲ್ಲ. 2006ರ ಅಕ್ಟೋಬರ್‌ನಲ್ಲಿ ಒರಾಕಲ್‌ನ ಲ್ಯಾರಿ ಎಲಿಸನ್ ವೇದಿಕೆ ಹತ್ತಿ, ರೆಡ್ ಹ್ಯಾಟ್‌ನ ಸೋರ್ಸಿನಿಂದಲೇ ಲಿನಕ್ಸ್ ಕಟ್ಟಿ ಕಡಿಮೆ ಬೆಲೆಗೆ ಸಪೋರ್ಟ್ ಮಾರುತ್ತೇವೆ ಅಂತ ಘೋಷಿಸಿದರು. ಮರುದಿನ ರೆಡ್ ಹ್ಯಾಟ್ ಷೇರು ಸುಮಾರು ಕಾಲು ಭಾಗ ಕುಸಿಯಿತು. ರೆಲ್ 6ರಿಂದ ರೆಡ್ ಹ್ಯಾಟ್ ತನ್ನ ಕರ್ನೆಲ್ ತೇಪೆಗಳನ್ನ ಬಿಡಿಬಿಡಿಯಾಗಿ ಕೊಡೋದು ನಿಲ್ಲಿಸಿ ಎಲ್ಲ ಕಲಸಿ ಒಂದೇ ಮುದ್ದೆ ಮಾಡಿ ಕೊಡತೊಡಗಿತು. ಯಾವ ತೇಪೆ ಎಲ್ಲಿ ಅಂತ ಹುಡುಕೋದು ಹೊರಗಿನವರಿಗೆ ಕಷ್ಟವಾಗಲಿ ಅಂತ. ಮುಂದೆ ಬರಲಿದ್ದ ಜಗಳದ ಮೊದಲ ಸೂಚನೆ ಇದು.

2014ರ ಜನವರಿ 7ರಂದು ಅಚ್ಚರಿಯ ಸುದ್ದಿ ಬಂತು. ರೆಡ್ ಹ್ಯಾಟ್ ಮತ್ತು ಸೆಂಟ್‌ಓಎಸ್ ಕೈ ಜೋಡಿಸಿದವು. ಮುಖ್ಯ ಅಭಿವೃದ್ಧಿಗಾರರಿಗೆ ರೆಡ್ ಹ್ಯಾಟ್‌ನಲ್ಲಿ ಕೆಲಸ, ಟ್ರೇಡ್‌ಮಾರ್ಕ್ ರೆಡ್ ಹ್ಯಾಟ್‌ಗೆ. ಹೆಸರು ಹೇಳಲಾಗದ ಅಪ್ಪ ಕೊನೆಗೂ ಮಗುವನ್ನ ಮನೆಗೆ ಕರೆದ ಅಂತ ಬಹಳ ಜನ ಖುಷಿಪಟ್ಟರು. ಸಂಬಳ ಸಿಗುವವರು ಕಟ್ಟುತ್ತಾರೆ, ಇನ್ನು ತಡ ಆಗಲ್ಲ, ಯಾರೂ ಕಾಣೆಯಾಗಲ್ಲ. ಅದು ನಿಜವೂ ಆಯಿತು. ಆದ್ರೆ ಅವತ್ತಿನಿಂದ ತಾರೀಖು ಬರೆಯುವ ಪೆನ್ನು ಅಪ್ಪನ ಜೇಬಿಗೆ ಹೋಯಿತು.

2020ರ ಡಿಸೆಂಬರ್ 8

2018ರ ಅಕ್ಟೋಬರ್‌ನಲ್ಲಿ ಐಬಿಎಂ 34 ಬಿಲಿಯನ್ ಡಾಲರಿಗೆ ರೆಡ್ ಹ್ಯಾಟ್ ಕೊಳ್ಳುವುದಾಗಿ ಹೇಳಿತು, 2019ರ ಜುಲೈನಲ್ಲಿ ವ್ಯವಹಾರ ಮುಗಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ರೆಲ್ 8, ಸೆಪ್ಟೆಂಬರ್‌ನಲ್ಲಿ ಸೆಂಟ್‌ಓಎಸ್ 8. ಆಯಸ್ಸು 2029ರ ಮೇ ತನಕ ಅಂತ ಪಟ್ಟಿಯಲ್ಲಿತ್ತು. ಅದನ್ನ ನಂಬಿ ಫರ್ಮಿಲ್ಯಾಬ್‌ನವರು ಸೈಂಟಿಫಿಕ್ ಲಿನಕ್ಸ್ 8 ಕಟ್ಟೋದೇ ಇಲ್ಲ, ಸೆಂಟ್‌ಓಎಸ್ 8ಕ್ಕೇ ಹೋಗ್ತೀವಿ ಅಂತ 2019ರ ಏಪ್ರಿಲ್‌ನಲ್ಲೇ ಹೇಳಿಬಿಟ್ಟಿದ್ದರು. ಹದಿನೈದು ವರ್ಷ ಉರಿದ ಒಲೆ ಆರಿಸಿ ಅನ್ನಛತ್ರಕ್ಕೆ ಹೊರಟರು.

2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು. ಸೆಂಟ್‌ಓಎಸ್ 8 ಮುಗಿಯೋದು 2029ರಲ್ಲಿ ಅಲ್ಲ, 2021ರ ಡಿಸೆಂಬರ್ 31ಕ್ಕೆ. ಏಳು ವರ್ಷಕ್ಕೂ ಹೆಚ್ಚು ಆಯಸ್ಸು ಒಂದೇ ಏಟಿಗೆ ಕಟ್. ಇನ್ನು ಮುಂದೆ ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ.

ಸ್ಟ್ರೀಮ್ ಅಂದ್ರೆ ಏನು ಅಂತ ಅಡುಗೆಮನೆ ಭಾಷೆಯಲ್ಲಿ ಹೇಳ್ತೀನಿ. ಮೊದಲು ರೆಲ್‌ನವರು ಬಡಿಸಿದ ಸಾರನ್ನೇ ಸ್ವಲ್ಪ ಹೊತ್ತಿನ ಮೇಲೆ ಸೆಂಟ್‌ಓಎಸ್‌ನವರಿಗೂ ಬಡಿಸುತ್ತಿದ್ದರು. ಸ್ಟ್ರೀಮ್‌ನಲ್ಲಿ ಸಾರು ಇನ್ನೂ ಒಲೆ ಮೇಲೆ ಇರುವಾಗ ಉಪ್ಪು ಹುಳಿ ನೋಡೋಕೆ ಸೌಟಿನಲ್ಲಿ ಹಾಕಿಕೊಡ್ತಾರೆ. ಕೆಟ್ಟದ್ದೇನಲ್ಲ, ಫೇಸ್‌ಬುಕ್‌ನಂಥ ದೊಡ್ಡ ಕಂಪನಿಯೂ ಅದನ್ನ ಬಳಸಿತು. ಆದ್ರೆ ಜನ ಬಂದದ್ದು ಊಟಕ್ಕೆ, ರುಚಿ ನೋಡೋಕೆ ಅಲ್ಲ.

ನಾನಾಗ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಕೊರೊನಾ ಕಾಲ, ಎಲ್ಲರೂ ಮನೆಯಿಂದಲೇ ಕೆಲಸ. ನಾನಿದ್ದ ತಂಡ ಸೆಂಟ್‌ಓಎಸ್ 7ರಿಂದ 8ಕ್ಕೆ ಹೋಗುವ ಕೆಲಸವನ್ನ ಅರ್ಧ ಮುಗಿಸಿತ್ತು. ವಿಚಿತ್ರ ನೋಡಿ, ಹಳೆಯ 7ರ ತಾರೀಖು 2024ರ ಜೂನ್ 30 ಅಂತ ಹಾಗೇ ಉಳಿಯಿತು, ಹೊಸ 8 ಮೊದಲೇ ಸಾಯುತ್ತೆ ಅಂತಾಯಿತು. ನಮ್ಮ ಲೀಡ್ ಮೀಟಿಂಗಿನಲ್ಲಿ ಹೇಳಿದ ಒಂದು ಮಾತು ನೆನಪಿದೆ: "ಮುಂದಕ್ಕೆ ಹೋದವರಿಗೆ ಶಿಕ್ಷೆ ಆಯ್ತಲ್ರೋ." ಮುಂದಿನ ಆರು ತಿಂಗಳು ನಾವು ಹೊಸ ಕೆಲಸ ಏನೂ ಮಾಡಲಿಲ್ಲ, ಮಾಡಿದ್ದನ್ನೇ ಮತ್ತೆ ಮಾಡಿದೆವು. ಜಗತ್ತಿನ ತುಂಬಾ ಎಷ್ಟು ತಂಡಗಳು ಹೀಗೆ ಕೂತಿದ್ದವೋ!

ಪುಣ್ಯಕೋಟಿ ಕತೆ ಕೇಳಿ ಬೆಳೆದವರಿಗೆ ಇಲ್ಲಿ ಸಿಟ್ಟು ಬರೋದು ಸಹಜ. ನನಗೂ ಬಂತು. ಆದ್ರೆ ತಣ್ಣಗೆ ಯೋಚಿಸಿದರೆ, ಮಾತು ಕೊಟ್ಟಿದ್ದು ಯಾರು ಯಾರಿಗೆ? ರೆಲ್ ಚಂದಾದಾರರಿಗೆ ಕೊಟ್ಟ ತಾರೀಖು ಒಂದು ದಿನವೂ ಅಲ್ಲಾಡಲಿಲ್ಲ, ಅದಕ್ಕೆ ಕರಾರು ಇತ್ತು. ಸೆಂಟ್‌ಓಎಸ್ ತಾರೀಖು ಒಂದು ಪುಟದಲ್ಲಿ ಬರೆದಿಟ್ಟ ಸಾಲು. ಅದನ್ನ ನಂಬಿ ನಾವು ಮನೆ ಕಟ್ಟಿದ್ದು ನಿಜ, ಬರೆದವರಿಗೆ ಅದು ಗೊತ್ತಿತ್ತು ಅನ್ನೋದೂ ನಿಜ. ನೈತಿಕವಾಗಿ ತಪ್ಪು ಅಂತ ನಾನೀಗಲೂ ಹೇಳ್ತೀನಿ. ಆದ್ರೆ ಕೋರ್ಟಿಗೆ ತೋರಿಸೋಕೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಮತ್ತೆ ಒಲೆ ಹತ್ತಿತು

ಪ್ರಕಟಣೆಯ ಬೆನ್ನಿಗೇ ಗ್ರೆಗೊರಿ ಕರ್ಟ್ಜರ್ ಮತ್ತೆ ಹೊಸದು ಕಟ್ಟೋಣ ಅಂದರು. ಸೆಂಟ್‌ಓಎಸ್‌ನ ಆರಂಭದ ದಿನಗಳ ಸಂಗಾತಿ, ಅಷ್ಟರಲ್ಲಿ ತೀರಿಕೊಂಡಿದ್ದ ರಾಕಿ ಮೆಕ್‌ಗಾ ಅವರ ನೆನಪಿಗೆ ರಾಕಿ ಲಿನಕ್ಸ್ ಅಂತ ಹೆಸರಿಟ್ಟರು. 2021ರ ಜೂನ್‌ನಲ್ಲಿ ಅದು ಬಂತು. ಅದಕ್ಕೂ ಮೊದಲು ಮಾರ್ಚ್‌ನಲ್ಲೇ ಕ್ಲೌಡ್‌ಲಿನಕ್ಸ್ ಕಂಪನಿ ಆಲ್ಮಾಲಿನಕ್ಸ್ ತಂದು, ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುವ ಮಾತಿನೊಂದಿಗೆ ಅದನ್ನ ಲಾಭವಿಲ್ಲದ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿತು. 'ಆಲ್ಮಾ' ಅಂದ್ರೆ ಸ್ಪ್ಯಾನಿಷ್‌ನಲ್ಲಿ ಆತ್ಮ. ರೆಡ್ ಹ್ಯಾಟ್ ಕೂಡ 16 ಸಿಸ್ಟಂಗಳವರೆಗೆ ರೆಲ್ ಪುಕ್ಕಟೆ ಅಂತ 2021ರ ಜನವರಿಯಲ್ಲಿ ಹೇಳಿತು. ಒಲೆ ಆರಿಸಿದ್ದ ಫರ್ಮಿಲ್ಯಾಬ್, ಸರ್ನ್ ಎರಡೂ 2022ರ ಡಿಸೆಂಬರ್‌ನಲ್ಲಿ ತಮ್ಮ ಪ್ರಯೋಗಗಳಿಗೆ ಆಲ್ಮಾ ಸೂಕ್ತ ಅಂತ ಶಿಫಾರಸು ಮಾಡಿದವು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಾಗ 2023ರ ಜೂನ್ 21ರಂದು ಇನ್ನೊಂದು ಬಾಗಿಲು ಮುಚ್ಚಿತು. ರೆಲ್‌ನ ಸೋರ್ಸ್ ಇನ್ನು ಸಾರ್ವಜನಿಕವಾಗಿ ಇಡೋದಿಲ್ಲ, ಹೊರಗಿನವರಿಗೆ ಸ್ಟ್ರೀಮ್‌ನ ಸೋರ್ಸ್ ಮಾತ್ರ. ಚಂದಾದಾರರಿಗೆ ಸೋರ್ಸ್ ಸಿಗುತ್ತೆ, ಆದ್ರೆ ಅದನ್ನ ಹೊರಗೆ ಹಂಚಿದರೆ ಚಂದಾ ಒಪ್ಪಂದಕ್ಕೇ ಕುತ್ತು. ಏನೂ ಸೇರಿಸದೆ ಬರೀ ನಕಲು ಕಟ್ಟಿ ಹಂಚುವವರಿಂದ ಓಪನ್ ಸೋರ್ಸಿಗೆ ಲಾಭವಿಲ್ಲ ಅನ್ನೋದು ರೆಡ್ ಹ್ಯಾಟ್ ವಾದ.

ಜುಲೈನಲ್ಲಿ ಆಲ್ಮಾದವರು ಅಕ್ಷರಶಃ ನಕಲು ಬಿಡ್ತೀವಿ, ರೆಲ್ ಮೇಲೆ ಓಡುವ ತಂತ್ರಾಂಶ ನಮ್ಮಲ್ಲೂ ಓಡುವಂತೆ ನೋಡಿಕೊಳ್ತೀವಿ ಅಂದರು. ರಾಕಿಯವರು ಕಂಟೇನರ್ ಇಮೇಜು, ಕ್ಲೌಡ್ ಮಷೀನುಗಳಿಂದ ಸೋರ್ಸ್ ಪಡೆಯುವ ದಾರಿ ಹುಡುಕಿದರು. ಆಗಸ್ಟ್‌ನಲ್ಲಿ ಒರಾಕಲ್, ಸುಸೆ ಮತ್ತು ಕರ್ಟ್ಜರ್ ಅವರ ಸಿಐಕ್ಯೂ ಸೇರಿ ಓಪನ್‌ಇಎಲ್‌ಎ ಅನ್ನೋ ಒಕ್ಕೂಟ ಕಟ್ಟಿದವು. ನಕಲು ಮಾಡೋದು ಬಿಟ್ಟಿದ್ದರಿಂದ ಆಲ್ಮಾಗೆ ಒಂದು ಒಳ್ಳೆಯದೂ ಆಯಿತು. 2025ರ ಮೇ ತಿಂಗಳಲ್ಲಿ ಬಂದ ರೆಲ್ 10 ಒಂದಷ್ಟು ಹಳೆಯ ಪ್ರೊಸೆಸರುಗಳನ್ನ ಕೈಬಿಟ್ಟಿತು. ಆಲ್ಮಾ 10 ಅವಕ್ಕಾಗಿ ಬೇರೆ ಆವೃತ್ತಿ ಕಟ್ಟಿಕೊಟ್ಟಿತು.

ರೆಡ್ ಹ್ಯಾಟ್ ಬಗ್ಗೆ ಬೈಗುಳವಷ್ಟೇ ಬರೆದರೆ ಅನ್ಯಾಯ. ಕರ್ನೆಲ್, ಜಿಸಿಸಿ, ಗ್ಲಿಬ್‌ಸಿ, ಗ್ನೋಮ್ ಎಲ್ಲದಕ್ಕೂ ಸಂಬಳ ಕೊಟ್ಟು ಕೆಲಸ ಮಾಡಿಸಿದವರು ಅವರು. ಲಿನಕ್ಸಿನಲ್ಲಿ ಹಲವು ವರ್ಷ ಕನ್ನಡ ಓದಿದವರಿಗೆ ಗೊತ್ತಿರುವ ಲೋಹಿತ್ ಕನ್ನಡ ಫಾಂಟ್ ಕೂಡ ರೆಡ್ ಹ್ಯಾಟ್ ಮುಕ್ತವಾಗಿ ಕೊಟ್ಟದ್ದೇ. ಚಂದಾ ಕಟ್ಟಿದವರ ದುಡ್ಡು ಎಲ್ಲೆಲ್ಲಿಗೆ ಹರಿದು ಬಂತು ನೋಡಿ.

ಹಾಗಾದ್ರೆ ಯಾವುದು ಆರಿಸೋದು?

ಬೇರೆಯವರ ಕತೆಯನ್ನೂ ಚುಟುಕಾಗಿ ನೋಡೋಣ. ಸುಸೆಯ ಒಡೆಯರು ಬದಲಾದಷ್ಟು ಸಲ ಬಾಡಿಗೆ ಮನೆಯೂ ಬದಲಾಗಲ್ಲ. ನೊವೆಲ್, ಅಟ್ಯಾಚ್‌ಮೇಟ್, ಮೈಕ್ರೋ ಫೋಕಸ್, ಆಮೇಲೆ ಇಕ್ಯೂಟಿ. ಆದರೂ ಅದರ ಎಂಟರ್‌ಪ್ರೈಸ್ ಸಾಲು ನಿಂತಿಲ್ಲ. ಎಸ್ಎಪಿ ಹಾನಾ ಮೊದಮೊದಲು ಸುಸೆ ಮೇಲೆ ಮಾತ್ರ ಓಡುತ್ತಿತ್ತು, ಹಾಗಾಗಿ ಎಷ್ಟೋ ಕಂಪನಿಗಳಲ್ಲಿ ಲಿನಕ್ಸ್ ಆರಿಸಿದ್ದು ಐಟಿ ತಂಡವಲ್ಲ, ಎಸ್ಎಪಿ! ಉಬುಂಟು 2006ರ 6.06ರಿಂದ ಎಲ್‌ಟಿಎಸ್ ಅಂತ ಸರ್ವರಿಗೆ ಐದು ವರ್ಷದ ಮಾತು ಕೊಟ್ಟಿತು. ಪುಕ್ಕಟೆಯವರಿಗೂ ದುಡ್ಡು ಕೊಡುವವರಿಗೂ ಒಂದೇ ಸರಕು. ಐದರ ಮೇಲೆ ಹತ್ತು ವರ್ಷ ಬೇಕಂದ್ರೆ ಉಬುಂಟು ಪ್ರೊ ಚಂದಾ. ಡೆಬಿಯನ್‌ಗೆ ಒಡೆಯರೇ ಇಲ್ಲ, ಹಾಗಾಗಿ ಕೊಳ್ಳೋಕೂ ಆಗಲ್ಲ. 2014ರಿಂದ ಅಲ್ಲೂ ಎಲ್‌ಟಿಎಸ್ ತಂಡವೊಂದು ಒಟ್ಟು ಐದು ವರ್ಷ ಕಾಯುತ್ತಿದೆ.

ಇಷ್ಟೆಲ್ಲ ಓದಿದ ಮೇಲೆ, ಆಫೀಸಿಗೆ ಲಿನಕ್ಸ್ ಆರಿಸುವಾಗ ನಾನು ಕೇಳೋದು ನಾಲ್ಕೇ ಪ್ರಶ್ನೆ.

1. ತಾರೀಖು ಯಾವುದು, ಅದನ್ನ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ? ಒಂದು ಕಂಪನಿಯಾ, ಪ್ರತಿಷ್ಠಾನವಾ, ಸ್ವಯಂಸೇವಕರಾ?
2. ಆ ಮಾತು ನನಗೆ ಕೊಟ್ಟದ್ದಾ, ಇನ್ಯಾರಿಗೋ ಕೊಟ್ಟದ್ದನ್ನ ನಾನು ಬದಿಯಲ್ಲಿ ನಿಂತು ಕೇಳಿಸಿಕೊಂಡದ್ದಾ?
3. ನನ್ನ ಮುಖ್ಯ ತಂತ್ರಾಂಶ ಮಾರಿದವರು ಯಾವುದರ ಮೇಲೆ ಮುದ್ರೆ ಒತ್ತಿದ್ದಾರೆ?
4. ನಾಳೆ ಮಾತು ಮುರಿದರೆ ಎದ್ದು ಹೋಗೋಕೆ ಎಷ್ಟು ದಿನ, ಎಷ್ಟು ಜನ ಬೇಕು?

ಆಸ್ಪತ್ರೆ, ಬ್ಯಾಂಕಿನಂಥ ಕಡೆ ಎರಡನೇ ಪ್ರಶ್ನೆಗೆ 'ನನಗೇ ಕೊಟ್ಟದ್ದು' ಅನ್ನೋ ಉತ್ತರ ಬರಬೇಕು, ಅಂದ್ರೆ ಚಂದಾ ಕಟ್ಟಬೇಕು. ಅದು ರೆಲ್ ಆಗಲಿ, ಸುಸೆ ಆಗಲಿ, ಉಬುಂಟು ಆಗಲಿ. ಕೈಯಲ್ಲಿ ಕೆಲಸ ಬಲ್ಲ ಇಬ್ಬರಿದ್ದು ದುಡ್ಡಿಲ್ಲದ ಕಡೆ ಡೆಬಿಯನ್ ಅಥವಾ ಆಲ್ಮಾ, ರಾಕಿ ಧಾರಾಳವಾಗಿ ಆಗುತ್ತೆ. ಆದ್ರೆ ಆಗ ನಾಲ್ಕನೇ ಪ್ರಶ್ನೆಯ ಉತ್ತರವನ್ನ ಕಾಗದದ ಮೇಲೆ ಬರೆದಿಟ್ಟುಕೊಂಡು, ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿರಬೇಕು. ಜೊತೆಗೆ ಉಳಿಸಿದ ಚಂದಾದಲ್ಲಿ ಒಂದು ಪಾಲನ್ನ ಆ ಒಲೆ ಕಾಯುವವರಿಗೆ ಕೊಡಿ ಅಂತ ಮ್ಯಾನೇಜರಿಗೆ ಹೇಳೋದು ನಮ್ಮ ಕೆಲಸ. ದೇಣಿಗೆ ಇರಬಹುದು, ಬಗ್ ರಿಪೋರ್ಟ್ ಇರಬಹುದು, ಒಂದು ಮಿರರ್ ಸರ್ವರ್ ಇರಬಹುದು. ನಾನೀಗ ಇರುವ ಕಡೆ ಮೂರನೆಯದನ್ನ ಕೇಳಿ ನೋಡಿದ್ದೇನೆ, ಇನ್ನೂ ಉತ್ತರ ಬಂದಿಲ್ಲ :-)

ಜಿಪಿಎಲ್ ನಮಗೆ ಕೋಡಿನ ಮೇಲೆ ಹಕ್ಕು ಕೊಡುತ್ತೆ, ಇನ್ನೊಬ್ಬರ ದುಡಿಮೆಯ ಮೇಲೆ ಅಲ್ಲ. ಡಿರಿಡರ್‌ನ ಲೈಬ್ರರಿಯವರಿಗೆ ಇದು 2003ರಲ್ಲೇ ಅರ್ಥವಾಗಿತ್ತು ಅನ್ಸುತ್ತೆ. ಸೋರ್ಸ್ ಇಳಿಸಿಕೊಂಡು ತಾವೇ ಕುಟ್ಟಿ ಪುಡಿ ಮಾಡಿಕೊಂಡರು.

2021ರಲ್ಲಿ ನಿಮ್ಮ ಆಫೀಸುಗಳಲ್ಲಿ ಏನಾಯಿತು? ಎಲ್ಲಿಗೆ ಹೋದಿರಿ, ಎಷ್ಟು ದಿನ ಹಿಡಿಯಿತು? ಬರೀರಿ, ನನಗೂ ತಿಳಿಯಲಿ.